ಎರಡನೇ ಪಂಕ್ತಿಯ ಇಂಗ್ಲೆಂಡು

ಸ್ಯಾನ್ ಮಟಿಯೋ

ಅಮೆರಿಕದಲ್ಲಿ ನನಗೆ ಮೊಟ್ಟಮೊದಲು ಹೊಟ್ಟೆ ಉರಿದದ್ದು ಸ್ಯಾನ್ ಮಟಿಯೋದ ಒಂದು ಲೈಬ್ರರಿಯಲ್ಲಿ. ಹೊಟ್ಟೆಕಿಚ್ಚು ಎಂಬ ಮಾತನ್ನೇ ಬಳಸುತ್ತೇನೆ. ಬೆರಗು, ವಿಸ್ಮಯ ಎಂದೆಲ್ಲ ಬರೆದರೆ ನನ್ನ ವಿದ್ಯಾರ್ಥಿಗಳು ನಂಬಬಹುದು, ನಾನೇ ನಂಬುವುದಿಲ್ಲ.

ನಾನು ಮಂಡ್ಯ ಜಿಲ್ಲೆಯ ಸರ್ಕಾರಿ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ನಮ್ಮಪ್ಪ ಕಬ್ಬಿನ ಗಾಡಿ ಹೊಡೆಯುತ್ತಿದ್ದರು. ನಮ್ಮವ್ವನಿಗೆ ಓದು ಬಾರದು. ನಮ್ಮ ಕಡೆಯವರಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನೇ. ಕಾಲೇಜು ಅಧ್ಯಾಪಕರ ಒಂದು ತಂಡದಲ್ಲಿ ಆಯ್ಕೆಯಾಗಿ ಮೂರು ವಾರದ ತರಬೇತಿಗೆ ಬಂದಿದ್ದೆ. ಅದು ಆ ಸೀಮೆಗೆಲ್ಲ ಡಾಟ್ ಕಾಮ್ ಜ್ವರ ಏರಿದ್ದ ಕಾಲ. ಫ್ರೀವೇ ಪಕ್ಕದ ಬೋರ್ಡುಗಳಲ್ಲಿ ನಾಯಿಯ ಊಟದಿಂದ ಹಿಡಿದು ಮದುವೆಯ ಹೂವಿನವರೆಗೆ ಪ್ರತಿಯೊಂದರ ಹೆಸರೂ ಡಾಟ್ ಕಾಮ್ ಎಂದೇ ಮುಗಿಯುತ್ತಿತ್ತು. ನನಗೆ ಬೇಕಾಗಿದ್ದದ್ದು ಮಾತ್ರ ಎಂದೋ ತೀರಿಹೋದ ಒಬ್ಬ ಇಂಗ್ಲಿಷ್ ಕಾದಂಬರಿಗಾರ್ತಿ. ಹೆಸರು ಬರೆದರೆ ನನ್ನ ಪುಸ್ತಕದ ಜಾಹೀರಾತು ಆಗಿಬಿಡುತ್ತದೆ, ಹಾಗಾಗಿ ಬೇಡ. ಕ್ಲಾಸಿನಲ್ಲಿ ನಾವು ಆಕೆಯನ್ನು ‘ಆಯಮ್ಮ’ ಎನ್ನುತ್ತೇವೆ.

ಲೈಬ್ರರಿಯ ಹೆಂಗಸಿಗೆ ಆಯಮ್ಮನ ಹೆಸರು ಹೇಳಿದೆ. ಆಕೆ ಎದ್ದು ಬಂದು ಒಂದು ಇಡೀ ಕಪಾಟು ತೋರಿಸಿದಳು. ಕಾದಂಬರಿಗಳು, ಕಾಗದ ಪತ್ರಗಳು, ಜೀವನ ಚರಿತ್ರೆಗಳು, ಆ ಕಾಲದ ಅಡಿಗೆ, ಬಟ್ಟೆ, ಕುದುರೆಗಾಡಿಗಳ ಬಗ್ಗೆ ಚಿತ್ರವಿರುವ ಪುಸ್ತಕಗಳು. ‘ಬೇರೆ ಏನಾದರೂ ಬೇಕಿದ್ದರೆ ಪಕ್ಕದ ಊರಿನಿಂದ ತರಿಸಿಕೊಡುತ್ತೇನೆ’ ಎಂದಳು. ನಮ್ಮ ಕಾಲೇಜಿನಲ್ಲಿ ಪುಸ್ತಕದ ಬೀರುವಿನ ಬೀಗದ ಕೈ ಅಟೆಂಡರ್ ಬಳಿ ಇರುತ್ತದೆ. ಅವನು ಚುನಾವಣೆ ಡ್ಯೂಟಿಗೆ ಹೋದರೆ ಇಂಗ್ಲೆಂಡೂ ಅವನ ಜೇಬಿನಲ್ಲೇ ಹೋಗುತ್ತದೆ. ಕಪಾಟಿನ ಮುಂದೆ ನೆಲದ ಮೇಲೇ ಕೂತೆ. ಖುಷಿಗಲ್ಲ, ಸಿಟ್ಟಿಗೆ.

ಸಿಟ್ಟಿಗೆ ಕಾರಣವಿತ್ತು. ನನ್ನ ಚೀಲದಲ್ಲಿ ಆರು ನೋಟ್‌ಬುಕ್ಕುಗಳಿದ್ದವು. ಆಯಮ್ಮನ ಒಂದು ಕಾದಂಬರಿಯನ್ನು ಒಂಬತ್ತು ವರ್ಷ ಕೂತು ನಾನು ಕನ್ನಡಕ್ಕೆ ತಂದಿದ್ದೆ. ಒಂದು ಡಿಕ್ಷನರಿ, ಬಜಾರಿನಲ್ಲಿ ಸಿಗುವ ಒಂದು ಗೈಡು, ಇಷ್ಟೇ ಆಧಾರ. ಮೈಸೂರಿನ ಪ್ರಕಾಶಕರೊಬ್ಬರು ‘ವಾಪಸ್ ಬಂದ ತಕ್ಷಣ ಕೊಡಿ ಮೇಡಂ, ಹಾಕ್ತೀನಿ’ ಎಂದಿದ್ದರು. ಮೊದಲ ಹಾಳೆಯಲ್ಲಿ ‘ಕನ್ನಡಕ್ಕೆ: ಚಿಕ್ಕತಾಯಮ್ಮ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ನಮ್ಮ ವಂಶದಲ್ಲಿ ಮತದಾರರ ಪಟ್ಟಿ ಬಿಟ್ಟರೆ ಬೇರೆಲ್ಲೂ ಯಾರ ಹೆಸರೂ ಅಚ್ಚಾಗಿಲ್ಲ.

ತರಬೇತಿ ಮುಗಿದ ದಿನ ಮಾಲತಿ ಕಾರು ತಂದಳು. ಮೈಸೂರಿನಲ್ಲಿ ಎಂ.ಎ. ಓದುವಾಗ ನಾವಿಬ್ಬರೂ ಹಾಸ್ಟೆಲಿನಲ್ಲಿ ಒಂದೇ ರೂಮು. ಅವಳ ತಂದೆ ಹಾಸನದಲ್ಲಿ ವಕೀಲರು, ಮನೆ ತುಂಬ ಪುಸ್ತಕ. ಕೊನೆಗೆ ರ‍್ಯಾಂಕು ನನಗೆ ಬಂತು, ಅವಳಿಗೆ ಸೆಕೆಂಡ್ ಕ್ಲಾಸು. ಆದರೆ ಕ್ಲಾಸಿನಲ್ಲಿ ಆಯಮ್ಮನ ಕಾದಂಬರಿ ಓದುವಾಗ ನಗುತ್ತಿದ್ದವಳು ಅವಳೊಬ್ಬಳೇ. ಎಲ್ಲಿ ನಗಬೇಕು ಎಂದು ನನಗೆ ತಿಳಿಯುತ್ತಿರಲಿಲ್ಲ. ಅವಳ ಮುಖ ನೋಡಿಕೊಂಡು ನಗುತ್ತಿದ್ದೆ.

‘ಚಿಕ್ಕೀ, ಒಂದು ಚೂರೂ ಬದಲಾಗಿಲ್ವಲ್ಲೇ ನೀನು!’ ಎಂದು ತಬ್ಬಿಕೊಂಡಳು.

‘ನೀನು ಆಗಿದೀಯ ಬಿಡು,’ ಎಂದೆ. ಜೀನ್ಸು ಹಾಕಿದ್ದಳು. ಅವಳಿಗೆ ಒಪ್ಪುತ್ತಿತ್ತು, ಅದು ಇನ್ನೊಂದು ಸಂಕಟ.

ಯೂನಿಯನ್ ಸಿಟಿ

ಮಾಲತಿಯ ಮನೆಯಲ್ಲಿ ಆ ಒಂದೇ ಕಾದಂಬರಿಯ ಒಂಬತ್ತು ಪ್ರತಿಗಳಿದ್ದವು. ಎಣಿಸಿದೆ. ಒಂದರಲ್ಲಿ ಪುಟದ ಅರ್ಧದಷ್ಟು ಟಿಪ್ಪಣಿ. ಇನ್ನೊಂದರಲ್ಲಿ ಯಾವ ಊರಿಂದ ಯಾವ ಊರಿಗೆ ಗಾಡಿಯಲ್ಲಿ ಎಷ್ಟು ಹೊತ್ತು ಎಂದು ನಕ್ಷೆ. ಸಾಲದ್ದಕ್ಕೆ ಹಿಂದಿನ ಬೇಸಿಗೆಯಲ್ಲಿ ಇಂಗ್ಲೆಂಡಿಗೇ ಹೋಗಿ ಆಯಮ್ಮ ಬದುಕಿದ್ದ ಊರು ನೋಡಿಕೊಂಡು ಬಂದಿದ್ದಳು.

‘ಹೇಗಿದೆಯೇ?’ ಎಂದೆ.

‘ನಿಮ್ಮೂರಿನಷ್ಟೇ ಕಣೇ. ಒಂದು ಗುಡಿ, ಸಾರಿ, ಚರ್ಚು. ನಾಲ್ಕು ಬೀದಿ. ಇನ್ನೊಬ್ಬರ ಮನೆ ವಿಷಯ ಬಿಟ್ಟರೆ ಮಾತಾಡೋಕೆ ಬೇರೇನೂ ಇಲ್ಲ.’

ಇಷ್ಟು ಚೆನ್ನಾಗಿ ಒಂದು ಮಾತು ನಾನು ಹದಿನಾಲ್ಕು ವರ್ಷದ ಪಾಠದಲ್ಲಿ ಆಡಿಲ್ಲ.

ಮನೆಯಲ್ಲಿ ಅವಳ ಗಂಡ ಗುರುರಾಜ, ಧಾರವಾಡದವರು, ಹೊಸದಾಗಿ ಶುರುವಾದ ಕಂಪನಿಯಲ್ಲಿ ಕೆಲಸ. ಬೆಳಗ್ಗೆ ಎದ್ದವರೇ ಕಂಪ್ಯೂಟರಿನಲ್ಲಿ ಷೇರಿನ ರೇಟು ನೋಡುತ್ತಿದ್ದರು, ನಮ್ಮ ಕಡೆ ದೇವರ ಪಟ ನೋಡುವ ಹಾಗೆ. ಒಂಬತ್ತು ವರ್ಷದ ಮಗಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ನನಗೆ ಗಂಟಲು ಹಿಡಿಯುವ ಪದಗಳು ಅವಳ ಬಾಯಲ್ಲಿ ನೀರಿನ ಹಾಗೆ. ಮಗುವಿನ ಮೇಲೂ ಹೊಟ್ಟೆಕಿಚ್ಚು ಪಡಬಹುದು ಎಂದು ಅಲ್ಲಿ ಗೊತ್ತಾಯಿತು. ಮಾಲತಿಯ ಅತ್ತೆ ಮಾತ್ರ ನನಗೆ ಸಮಾಧಾನ. ‘ಬರ್ರಿ, ಕೂಡ್ರಿ. ಈ ಮನ್ಯಾಗ ಕನ್ನಡ ಮಾತಾಡವರು ಒಬ್ಬರು ಬಂದ್ರಲಾ, ನನ್ನ ಪುಣ್ಯ,’ ಎಂದರು.

ಮೊದಲ ದಿನವೇ ಆರು ನೋಟ್‌ಬುಕ್ಕುಗಳನ್ನು ಮಾಲತಿಯ ಮುಂದಿಟ್ಟೆ. ತಿದ್ದಿಸುವುದಕ್ಕಲ್ಲ, ತೋರಿಸುವುದಕ್ಕೆ. ಅವಳು ಒಂದೊಂದನ್ನೇ ಸವರಿ ನೋಡಿದಳು. ಆಮೇಲೆ ನಾಚಿಕೊಂಡು ಎಂದಳು:

‘ನಾನೂ ಮಾಡಿದೀನಿ ಕಣೇ.’

‘ಏನನ್ನ?’

‘ಇದನ್ನೇ. ಪೂರ್ತಿ. ಮಗಳು ಸ್ಕೂಲಿಗೆ ಹೋದ ಮೇಲೆ ದಿನಾ ಒಂದೊಂದು ಪುಟ.’

ಮಾರನೆಯ ಬೆಳಗ್ಗೆ ಅವಳು ಮಗಳನ್ನು ಸ್ಕೂಲಿಗೆ ಬಿಡಲು ಹೋದಾಗ ಅವಳ ಅನುವಾದದ ಪ್ರಿಂಟನ್ನು ಓದಲು ಕೂತೆ. ಕನ್ನಡ ಕೆಟ್ಟಿರುತ್ತದೆ ಎಂದು ಆಸೆಯಿತ್ತು. ಇಷ್ಟು ವರ್ಷ ಇಲ್ಲಿದ್ದವಳು, ‘ಅವಳು ತನ್ನ ಕಣ್ಣುಗಳನ್ನು ಉರುಳಿಸಿದಳು’ ಎಂದೆಲ್ಲ ಬರೆದಿರುತ್ತಾಳೆ ಎಂದುಕೊಂಡಿದ್ದೆ. ಇಲ್ಲ. ಮೊದಲ ಪುಟದಲ್ಲೇ ನಗು ಬಂತು. ಯಾರ ಮುಖವನ್ನೂ ನೋಡದೆ ಬಂದ ನಗು. ಎರಡನೇ ಪುಟದಲ್ಲಿ ಇನ್ನೊಮ್ಮೆ. ನನ್ನ ಆರು ನೋಟ್‌ಬುಕ್ಕುಗಳಲ್ಲಿ ಎಲ್ಲವೂ ಇತ್ತು, ನಗು ಒಂದು ಬಿಟ್ಟು.

ನಮ್ಮ ಪ್ರಕಾಶಕರು ಒಂದೇ ಕಾದಂಬರಿಯನ್ನು ಎರಡು ಸಲ ಹಾಕುವವರಲ್ಲ. ಇದು ಅವರ ಕಣ್ಣಿಗೆ ಬಿದ್ದರೆ ನನ್ನದು ಕಸ. ಗ್ಯಾರೇಜಿನ ಬಾಗಿಲ ಸದ್ದಾಯಿತು. ಪ್ರಿಂಟನ್ನು ಇದ್ದ ಹಾಗೇ ಜೋಡಿಸಿಟ್ಟು ಅಡಿಗೆಮನೆಗೆ ಹೋಗಿ, ಯಾರೂ ಹೇಳದಿದ್ದರೂ ಬೀನ್ಸ್ ಹೆಚ್ಚಲು ಕೂತೆ.

ಸ್ಯಾನ್ ಫ್ರಾನ್ಸಿಸ್ಕೋ

ಶನಿವಾರ ಮಾಲತಿಯ ಓದುಗರ ಕೂಟ. ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಆಯಮ್ಮನನ್ನು ಓದುತ್ತಾರಂತೆ. ಈ ಸಲ ನಾನು ನನ್ನ ಕನ್ನಡದಲ್ಲಿ ಒಂದು ಪುಟ ಓದಬೇಕು, ಅದನ್ನು ಮಾಲತಿ ಅವರಿಗೆ ಇಂಗ್ಲಿಷಿನಲ್ಲಿ ಹೇಳಬೇಕು ಎಂದು ಏರ್ಪಾಡು. ಗುರುರಾಜ ಶನಿವಾರವೂ ಆಫೀಸಿಗೆ ಹೊರಟಿದ್ದರಿಂದ, ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಅತ್ತೆಯನ್ನೂ ಕರೆದುಕೊಂಡು ರೈಲು ಹತ್ತಿದೆವು.

ಇಳಿದ ಮೇಲೆ ಗೇಟಿನ ಹತ್ತಿರ ನನ್ನ ಟಿಕೆಟ್ ಇಲ್ಲ. ಒಳಗೆ ಬರುವಾಗ ಮೆಷಿನ್ನು ಅದನ್ನು ನುಂಗಿ ಮತ್ತೆ ಉಗುಳಿತ್ತು. ಮೆಷಿನ್ನಿಗೇ ಬೇಡವಾದದ್ದು ನನಗೆ ಯಾಕೆ ಎಂದು ಕಸದ ಡಬ್ಬಿಗೆ ಹಾಕಿದ್ದೆ. ಹೊರಗೆ ಹೋಗಲೂ ಅದೇ ಬೇಕಂತೆ. ಗಾಜಿನ ಪೆಟ್ಟಿಗೆಯೊಳಗೆ ಕೂತಿದ್ದವನು ನನ್ನ ಸೀರೆ, ಅತ್ತೆಯ ಸೀರೆ ಎರಡನ್ನೂ ನೋಡಿ ನಕ್ಕು ಪಕ್ಕದ ಬಾಗಿಲು ತೆಗೆದ. ಊರಿನಲ್ಲಾಗಿದ್ದರೆ ಓದಿದವಳು, ಲೆಕ್ಚರರ್ ಎಂದು ಹೇಳಿಕೊಂಡು ಜಗಳ ಆಡುತ್ತಿದ್ದೆ. ಅಲ್ಲಿ ತಲೆ ತಗ್ಗಿಸಿಕೊಂಡು ಬಂದೆ.

ಏರು ಬೀದಿಯ ಮೇಲೆ ರೂತ್ ಎಂಬುವವರ ಮನೆ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಏಳು ಜನ ಹೆಂಗಸರು, ಟೀ, ಸೌತೆಕಾಯಿ ಇಟ್ಟ ಬ್ರೆಡ್ಡು. ಕಾದಂಬರಿಯ ಜನರನ್ನು ಪಕ್ಕದ ಬೀದಿಯವರ ಹಾಗೆ ಬೈಯುತ್ತಿದ್ದರು: ಆ ತಾಯಿಗೆ ಬುದ್ಧಿಯಿಲ್ಲ, ಆ ಪಾದ್ರಿಯನ್ನು ನಾನಾಗಿದ್ದರೆ ಬಾಗಿಲಲ್ಲೇ ಕಳಿಸುತ್ತಿದ್ದೆ. ಇವರಲ್ಲಿ ಯಾರೂ ಇದನ್ನು ಪರೀಕ್ಷೆಗೆಂದು ಓದುತ್ತಿರಲಿಲ್ಲ. ಹದಿನಾರು ಅಂಕದ ಪ್ರಶ್ನೆ, ಐದು ಅಂಕದ ಟಿಪ್ಪಣಿ ಎಂದು ಹೋಳು ಮಾಡದೆ ಇಡೀ ಪುಸ್ತಕವನ್ನು ಸುಮ್ಮನೆ ಓದುವ ಭಾಗ್ಯ! ಅವರು ತಿನ್ನುತ್ತಿದ್ದ ಬ್ರೆಡ್ಡಿನ ಮೇಲೂ ಕಣ್ಣಾಯಿತು ನನಗೆ.

ನಾನು ಆರಿಸಿಕೊಂಡಿದ್ದದ್ದು ದೊಡ್ಡ ಮನೆಯ ಊಟದ ಸನ್ನಿವೇಶ. ಊಟದ ಮೇಜಿನಿಂದ ಹೆಂಗಸರೆಲ್ಲ ಎದ್ದು ಒಳಗೆ ಹೋಗುತ್ತಾರೆ, ಗಂಡಸರು ಅಲ್ಲೇ ಇರುತ್ತಾರೆ. ಹೆಂಗಸರು ಊಟ ಮಾಡಿದ್ದು ಯಾವಾಗ ಎಂದು ಆಯಮ್ಮ ಬರೆದಿಲ್ಲ. ಬರೆಯುವಂಥ ವಿಷಯ ಎಂದು ಅವಳಿಗೆ ಅನ್ನಿಸಿರಲಿಕ್ಕಿಲ್ಲ, ಪಾಪ. ಹಾಗಾಗಿ ಕನ್ನಡದಲ್ಲಿ ಒಂದು ವಾಕ್ಯ ನಾನೇ ಸೇರಿಸಿದ್ದೆ. ಧ್ವನಿಯೆತ್ತಿ ಓದಿದೆ: ‘ಹೆಂಗಸರು ಉಪಚಾರ ಮುಗಿಸಿ ಎದ್ದರು. ಗಂಡಸರ ಊಟ ಮುಗಿಯುವವರೆಗೆ ಒಳಗೆ ಕಾದಿದ್ದು, ಆಮೇಲೆ ಎರಡನೇ ಪಂಕ್ತಿಗೆ ತಾವು ಕೂತರು.’

ಅತ್ತೆ ತಲೆದೂಗಿದರು. ಮಾಲತಿ ಒಂದು ಕ್ಷಣ ತಡೆದು ಇಂಗ್ಲಿಷಿನಲ್ಲಿ ಹೇಳಿದಳು: ‘ಊಟವಾದ ಮೇಲೆ ಹೆಂಗಸರು ಎದ್ದು ಬೈಠಕ್ ಕೋಣೆಗೆ ಹೋಗಿ ಹರಟುತ್ತ ಕೂತರು. ಗಂಡಸರು ತಮ್ಮ ವೈನಿನ ಜೊತೆ ಉಳಿದರು.’

ನಾನು ಅದನ್ನು ಬರೆದಿರಲಿಲ್ಲ.

ಏಳೂ ಜನ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಆಗ ಹೊಳೆಯಿತು. ಹೆಂಗಸರ ಊಟ ಆಗಿತ್ತು. ಗಂಡಸರ ಜೊತೆಗೇ, ಅದೇ ಮೇಜಿನಲ್ಲಿ, ಕೂತುಕೊಂಡು. ಹದಿನಾಲ್ಕು ವರ್ಷ, ಪ್ರತಿವರ್ಷ ಒಂದು ಕ್ಲಾಸು ಹುಡುಗರು ಹುಡುಗಿಯರಿಗೆ ಇಂಗ್ಲೆಂಡಿನಲ್ಲಿ ಹೆಂಗಸರು ಎರಡನೇ ಪಂಕ್ತಿಯಲ್ಲಿ ಉಣ್ಣುತ್ತಾರೆ ಎಂದು ನಾನು ಪಾಠ ಮಾಡಿದ್ದೆ. ಅವರೂ ಅದನ್ನೇ ಪರೀಕ್ಷೆಯಲ್ಲಿ ಬರೆದಿದ್ದರು. ನಾನೇ ಅಂಕ ಕೊಟ್ಟಿದ್ದೆ. ಅನುಮಾನ ಯಾರಿಗಾದರೂ ಯಾಕೆ ಬರಬೇಕು? ನಮ್ಮೆಲ್ಲರ ಮನೆಯಲ್ಲೂ ಹಾಗೇ ತಾನೆ.

ಮಾಲತಿ ನನ್ನ ಕಡೆ ನೋಡಲಿಲ್ಲ. ತಪ್ಪನ್ನು ಮುಚ್ಚಿ ನನ್ನ ಮಾನ ಉಳಿಸಿದ್ದಳು. ಪುಸ್ತಕ ಅವಳದು, ಇಂಗ್ಲಿಷು ಅವಳದು, ನಗು ಅವಳದು. ಈಗ ದೊಡ್ಡಗುಣವೂ ಅವಳದೇ ಆಗಬೇಕೇ? ಅದನ್ನು ಮಾತ್ರ ತಡೆದುಕೊಳ್ಳಲು ಆಗಲಿಲ್ಲ. ಎದ್ದು ನಿಂತೆ.

‘ಇವಳು ಹೇಳಿದ್ದನ್ನು ನಾನು ಬರೆದಿಲ್ಲ,’ ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ. ‘ಹೆಂಗಸರು ಆಮೇಲೆ ಊಟಕ್ಕೆ ಕೂತರು ಎಂದು ಬರೆದಿದ್ದೇನೆ. ತಪ್ಪು. ನಮ್ಮ ಮನೆಯಲ್ಲಿ ಅಮ್ಮ ಎಲ್ಲರಿಗೂ ಬಡಿಸಿ, ಒಲೆಯ ಹತ್ತಿರ ಒಬ್ಬಳೇ ಕೂತು, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಣ್ಣುತ್ತಿದ್ದಳು. ಎಲ್ಲ ಕಡೆಯೂ ಹಾಗೇ ಎಂದು ತಿಳಿದಿದ್ದೆ.’

ಇಬ್ಬರು ನಕ್ಕರು, ಕೆಟ್ಟ ನಗುವಲ್ಲ. ರೂತ್ ನಗಲಿಲ್ಲ. ಟೀ ಪಾತ್ರೆ ಕೆಳಗಿಟ್ಟು, ‘ನನ್ನ ತಾಯಿ ಕೂತು ಊಟ ಮಾಡಿದ್ದನ್ನು ನಾನು ನೋಡೇ ಇಲ್ಲ,’ ಎಂದರು. ‘ಸಿಂಕಿನ ಹತ್ತಿರ ನಿಂತೇ ತಿನ್ನುತ್ತಿದ್ದಳು. ಆರು ಜನ ಮಕ್ಕಳು.’ ಆಮೇಲೆ ಒಬ್ಬೊಬ್ಬರೂ ತಂತಮ್ಮ ತಾಯಂದಿರು ಎಲ್ಲಿ ನಿಂತು ಏನು ತಿನ್ನುತ್ತಿದ್ದರು ಎಂದು ಶುರುಮಾಡಿದರು. ಕಾದಂಬರಿ ಅಲ್ಲೇ ಉಳಿಯಿತು.

ಏನು ನಡೆಯುತ್ತಿದೆ ಎಂದು ಅತ್ತೆ ಕೇಳಿದರು. ಹೇಳಿದೆ. ‘ಅಯ್ಯ, ಅದರಾಗೇನು ತಪ್ಪದ? ಹೆಣ್ಣಮಕ್ಕಳು ಎದ್ದ ಹೋದ್ರಂದ್ರ ಉಣ್ಣಾಕ ಹೋದ್ರು ಅಂತನ ಅಲ್ಲೇನು? ಮದಲ ಉಂಡಿದ್ರ ಯಾಕ ಏಳ್ತಿದ್ರು?’ ಎಂದರು.

ಮತ್ತೆ ಯೂನಿಯನ್ ಸಿಟಿ

ಮನೆಗೆ ಬಂದರೆ ಗುರುರಾಜರ ಆಫೀಸಿನ ನಾಲ್ವರು ಊಟಕ್ಕೆ ಬಂದಿದ್ದರು. ಕಂಪನಿ ಷೇರು ಮಾರುಕಟ್ಟೆಗೆ ಯಾವಾಗ ಬರುತ್ತದೆ ಎಂಬ ಮಾತಿನಲ್ಲೇ ಚಪಾತಿ ಖಾಲಿಯಾಗುತ್ತಿತ್ತು, ನಾವು ಬಿಸಿಬಿಸಿ ತಂದು ಹಾಕುತ್ತಿದ್ದೆವು. ಅವರು ಕೈತೊಳೆದು ಟೀವಿಯ ಕಡೆ ಹೋದ ಮೇಲೆ ಅತ್ತೆ ತಟ್ಟೆ ಇಟ್ಟು, ‘ಬರ್ರಿ, ಈಗ ಇಂಗ್ಲೆಂಡಿನ ಹೆಣ್ಣಮಕ್ಕಳ ಪಾಳಿ,’ ಎಂದರು. ಮೂವರೂ ನಕ್ಕೆವು. ನಗು ನಿಂತ ಮೇಲೆ ನಾನು ಕೇಳಿದೆ:

‘ನನ್ನ ನೋಟ್‌ಬುಕ್ಕು ಪೂರ್ತಿ ಓದಿದೀಯಾ?’

‘ಹೂಂ.’

‘ಇಂಥವು ಇನ್ನೂ ಇದಾವಾ?’

ಮಾಲತಿ ಅನ್ನ ಕಲಸುತ್ತಲೇ ಇದ್ದಳು.

‘ಎಷ್ಟಿದಾವೆ ಹೇಳೇ.’

‘ಮೂವತ್ತೇಳು. ಪಟ್ಟಿ ಮಾಡಿದೀನಿ. ಕೊಡ್ಲೋ ಬೇಡ್ವೋ ಗೊತ್ತಾಗ್ಲಿಲ್ಲ. ಇವತ್ತು ಅಲ್ಲಿ ಮುಚ್ಚಿಟ್ಟಿದ್ದಕ್ಕೇ ನೀನು ಎದ್ದು ನಿಂತುಬಿಟ್ಟೆ. ನನಗೆ ಎಷ್ಟು ಅವಮಾನ ಆಯ್ತು ಗೊತ್ತಾ?’

‘ಮತ್ತೆ? ನನ್ನ ತಪ್ಪು ನಂದು. ಅದನ್ನೂ ನೀನೇ ಇಟ್ಕೋತೀಯಾ?’

‘ನಿನಗೆ ಕಾಯ್ತಾ ಇರೋ ಹುಡುಗರು ಇದಾರೆ, ಪ್ರಕಾಶಕರಿದಾರೆ,’ ಎಂದಳು. ‘ನಂದು ಯಾರಿಗೆ ಬೇಕು? ಇಲ್ಲಿ ಇವರಿಗೆ ಕನ್ನಡ ಬೇಡ. ಅಲ್ಲಿ ನಾನು ಯಾರಿಗೂ ನೆನಪಿಲ್ಲ. ನಿನ್ನ ನೋಟ್‌ಬುಕ್ಕು ನೋಡಿದ ದಿನ ಎಷ್ಟು ಹೊಟ್ಟೆ ಉರೀತು ಅಂತ ನಿನಗೇನು ಗೊತ್ತು.’

ಈ ಮಾತು ಕೇಳಿ ಮನಸ್ಸು ಕರಗಿತು ಎಂದು ಬರೆದರೆ ಸುಳ್ಳು. ಖುಷಿಯಾಯಿತು. ಇನ್ನೊಂದು ಸಲ ಹೇಳಲಿ ಎನ್ನಿಸಿತು.

‘ಪಟ್ಟಿ ತಗೊಂಬಾ,’ ಎಂದೆ.

ಉಳಿದ ಮೂರು ದಿನ ನಾನು ಎಲ್ಲಿಗೂ ಹೋಗಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಆ ಹೆಸರಾದ ಸೇತುವೆ ನೋಡಿದಿರಾ ಎಂದು ಊರಿನಲ್ಲಿ ಕೇಳಿದವರಿಗೆ ಹೂಂ ಎಂದಿದ್ದೇನೆ, ಕಾರಿನಿಂದ ಯಾವುದೋ ಒಂದು ಸೇತುವೆ ಕಂಡದ್ದು ನಿಜ. ಬೆಳಗಿನ ಕೆಲಸ ಮುಗಿದೊಡನೆ ಇಬ್ಬರೂ ಅಡಿಗೆಮನೆಯ ಮೇಜಿಗೆ ಕೂರುತ್ತಿದ್ದೆವು. ಅವಳು ಒಂದೊಂದೇ ತಪ್ಪು ಓದುವಳು, ನಾನು ಒಂದೊಂದೇ ತಿದ್ದುವೆನು. ಅವಳ ಪ್ರಿಂಟು ಪಕ್ಕದಲ್ಲೇ ಇರುತ್ತಿತ್ತು. ಅವಳ ವಾಕ್ಯ ನನ್ನದಕ್ಕಿಂತ ಚೆನ್ನಾಗಿದ್ದ ಕಡೆ ಬಾಯಿಬಿಟ್ಟು ಹೊಗಳಿದೆನೇ? ಇಲ್ಲ. ಸುಮ್ಮನೆ ಬರೆದುಕೊಂಡೆ. ಅವಳು ನೋಡಿಯೂ ಸುಮ್ಮನಿದ್ದಳು.

ಎರಡನೇ ದಿನ ಅವಳದೊಂದು ಅಡಿಟಿಪ್ಪಣಿ ಕಣ್ಣಿಗೆ ಬಿತ್ತು. ಕಾದಂಬರಿಯಲ್ಲಿ ಒಬ್ಬ ಬಡ ಹುಡುಗಿ ತನ್ನ ಟೋಪಿಗೆ ಆಗಾಗ ಹೊಸ ರಿಬ್ಬನ್ನು ಹಚ್ಚಿ ಹೊಲಿಯುತ್ತಾಳೆ. ಮಾಲತಿ ಕೆಳಗೆ ‘ಇವಳಿಗೆ ಟೋಪಿಯ ಶೋಕಿ’ ಎಂದು ಬರೆದಿದ್ದಳು.

‘ಇದು ತಪ್ಪು,’ ಎಂದೆ. ‘ಶೋಕಿ ಅಲ್ಲ. ಅವಳ ಹತ್ರ ಇರೋದೇ ಒಂದು ಟೋಪಿ.’

‘ಹಾಗಂತ ಎಲ್ಲಿದೆಯೇ?’

‘ಎಲ್ಲೂ ಇಲ್ಲ. ಹಾಸ್ಟೆಲಲ್ಲಿ ನನ್ನ ಹತ್ರ ಎಷ್ಟು ಬ್ಲೌಸಿದ್ವು ಹೇಳು.’

‘ಆರೋ ಏಳೋ. ಚಿಕ್ಕಿಗೆ ಬ್ಲೌಸಿನ ಹುಚ್ಚು ಅಂತ ನಾವೆಲ್ಲ ಆಡ್ಕೋತಿದ್ವಲ್ಲ!’

‘ಸೀರೆ?’

ಅವಳು ಬೆರಳು ಮಡಿಸತೊಡಗಿದಳು. ನೀಲಿಯದು ಒಂದು. ಹಸಿರು ಅಂಚಿನದು ಒಂದು. ಮೂರನೇ ಬೆರಳು ಹಾಗೇ ನಿಂತಿತು. ದರ್ಜಿಯ ಅಂಗಡಿಯಲ್ಲಿ ಉಳಿದ ತುಂಡುಗಳಲ್ಲಿ ಬ್ಲೌಸು ಹೊಲಿಸಿ, ಎರಡೇ ಸೀರೆಯನ್ನು ಎರಡು ವರ್ಷ ಬೇರೆ ಬೇರೆ ಮಾಡಿ ಉಟ್ಟಿದ್ದೆ. ಯಾರಿಗೂ ಗೊತ್ತಾಗಿರಲಿಲ್ಲ. ಗೊತ್ತಾಗಬಾರದೆಂದೇ ಅಷ್ಟು ಬ್ಲೌಸು.

ಮಾಲತಿ ಆ ಟಿಪ್ಪಣಿಯ ಮೇಲೆ ಗೆರೆ ಎಳೆದಳು. ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದಳು. ನನಗೂ ಕಣ್ಣು ಒದ್ದೆಯಾಯಿತು. ಆದರೂ ಒಳಗೊಳಗೆ ಮೂವತ್ತೇಳಕ್ಕೆ ಒಂದಾದರೂ ಆಯಿತಲ್ಲ ಎಂದು ಸಂತೋಷವಿತ್ತು.

ವಿಮಾನ ನಿಲ್ದಾಣದ ದಾರಿ

ಕಾರಿನಲ್ಲಿ ಮಾಲತಿ ಕೇಳಿಯೇಬಿಟ್ಟಳು. ‘ಹೆಸರು ಏನು ಮಾಡ್ತೀಯೆ?’

‘ಮುನ್ನುಡಿಯಲ್ಲಿ ನಿನ್ನ ಹೆಸರು ಹಾಕ್ತೀನಿ. ದೊಡ್ಡದಾಗಿ ಕೃತಜ್ಞತೆ ಬರೀತೀನಿ.’

‘ಅಲ್ಲಿ ಬೇಡ. ಟೈಪ್ ಮಾಡಿದವರು, ರಟ್ಟು ಹಾಕಿದವರ ಜೊತೆ ಕೊನೆಗೆ ಬರತ್ತೆ ಅದು. ಹಾಕೋದಾದ್ರೆ ರಟ್ಟಿನ ಮೇಲೆ, ಇಲ್ದಿದ್ರೆ ಎಲ್ಲೂ ಬೇಡ.’

‘ಆಯಮ್ಮ ಮೊದಲು ತನ್ನ ಹೆಸರೇ ಹಾಕದೆ ಅಚ್ಚು ಮಾಡಿಸಿದಳು ಅಂತ ನೀನೇ ತಾನೆ ಹೇಳಿದ್ದು?’

‘ಹಾಗಾದ್ರೆ ನೀನೂ ಬಿಡು.’

‘ಆಯಮ್ಮನ ಅಪ್ಪನ ಮನೇಲಿ ಪುಸ್ತಕದ ಕಪಾಟಿತ್ತು ಕಣೇ. ಹೆಸರು ಬಿಡೋಕೆ ಅವಳಿಗಾಗತ್ತೆ. ನನಗಾಗಲ್ಲ.’

‘ನಮ್ಮಪ್ಪನ ಮನೇಲೂ ಇತ್ತು,’ ಎಂದಳು ಮಾಲತಿ, ರಸ್ತೆಯ ಮೇಲಿನ ಕಣ್ಣು ತೆಗೆಯದೆ. ‘ನನಗೂ ಆಗಲ್ಲ.’

ನಿಲ್ದಾಣ ಬಂತು. ಪೆಟ್ಟಿಗೆ ಇಳಿಸಿಕೊಟ್ಟು, ‘ತಲುಪಿದ ತಕ್ಷಣ ಫೋನ್ ಮಾಡು,’ ಎಂದಳು. ಅಷ್ಟೇ.

ವಿಮಾನದಲ್ಲಿ ಆ ಮೊದಲ ಹಾಳೆಯನ್ನು ಎಷ್ಟು ಸಲ ತೆಗೆದು ನೋಡಿದೆನೋ. ಆರು ನೋಟ್‌ಬುಕ್ಕುಗಳಲ್ಲಿ ಈಗ ನನ್ನ ಅಕ್ಷರದಲ್ಲಿರುವ ಅವಳ ವಾಕ್ಯಗಳು ಎಲ್ಲೆಲ್ಲಿವೆ ಎಂದು ನನಗೆ ಗೊತ್ತಿತ್ತು. ಓದುವವರು ನಗುವುದೆಲ್ಲ ಅಲ್ಲೇ. ಬೇರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಂಡು ಅರ್ಧ ದಾರಿ ಬಂದೆ. ಇನ್ನರ್ಧ ದಾರಿ ಆಗಲಿಲ್ಲ. ಎರಡು ಗೆರೆ ಎಳೆದಿದ್ದ ಆ ಹಾಳೆಯನ್ನು ಹರಿದು ಸೀಟಿನ ಜೇಬಿಗೆ ತುರುಕಿದೆ. ಊಟದ ತಟ್ಟೆ ಇಡುವ ಹಲಗೆಯ ಮೇಲೆ ಇನ್ನೊಂದು ಹಾಳೆ ಇಟ್ಟುಕೊಂಡು ಬರೆದೆ.

ಪುಸ್ತಕ ಬಂದ ದಿನ ಮೊದಲ ಪ್ರತಿ ನಮ್ಮವ್ವನ ಕೈಗೆ ಕೊಟ್ಟೆ. ಸೆರಗಿನಿಂದ ಕೈ ಒರೆಸಿಕೊಂಡು ತೆಗೆದುಕೊಂಡರು. ರಟ್ಟಿನ ಮೇಲೆ ಕಾದಂಬರಿಯ ಹೆಸರಿನ ಕೆಳಗೆ ‘ಕನ್ನಡಕ್ಕೆ’ ಎಂಬುದರ ಮುಂದೆ ಎರಡು ಹೆಸರು ಒಂದರ ಕೆಳಗೊಂದು ಇದ್ದವು. ಅವ್ವ ಎರಡರ ಮೇಲೂ ಬೆರಳಾಡಿಸಿದರು.

‘ಇದ್ರಲ್ಲಿ ನಿನ್ನ ಹೆಸ್ರು ಯಾವ್ದು ಮಗಾ?’

‘ಮೇಲಿಂದು ಕಣವ್ವ,’ ಎಂದೆ.